ಗುಡ್ಡದ ಬುಡದಲ್ಲಿ ಮತ್ತೆ ನವಣೆ

ಸಂಡೂರಿನ ಗುಡ್ಡದ ಬುಡದಲ್ಲಿ ನಮ್ಮದು ಎರಡು ಎಕರೆ ಕೆಂಪು ಮಣ್ಣಿನ ಮಸಾರಿ ಹೊಲ. ನಾನು ಚಿಕ್ಕವನಿದ್ದಾಗ ಅಲ್ಲಿ ನವಣೆ ಬೆಳೆಯುತ್ತಿತ್ತು, ನಡುನಡುವೆ ತೊಗರಿಯ ಅಕ್ಕಡಿ ಸಾಲು. ಅಜ್ಜ ಎತ್ತು ಹೊಡೆದರೆ ಅಜ್ಜಿ ಬಿತ್ತುವ ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಿದ್ದಳು. ಆಮೇಲೆ ಅದಿರಿನ ಲಾರಿಗಳು ಬಂದವು. ತೊಗರಿ ಎಲೆಯ ಮೇಲೆ ಬೆರಳೆಳೆದರೆ ಕೆಂಧೂಳಿನ ನಡುವೆ ಹಸಿರು ಗೆರೆ ಮೂಡುತ್ತಿತ್ತು. ದನಗಳು ಆ ಮೇವನ್ನು ಮೂಸಿ ಬಿಡುತ್ತಿದ್ದವು. ಅಪ್ಪ ಬಿತ್ತುವುದನ್ನೇ ನಿಲ್ಲಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಧೂಳು ಅಡಗಿತು. ಅಷ್ಟರಲ್ಲಿ ಹೊಲದ ತುಂಬ ಜಾಲಿ. ಎರಡು ವರ್ಷ ಬಿಟ್ಟು ಅದನ್ನು ಕಡಿಸಿ ಬಿತ್ತನೆಗೆ ಇಳಿದೆ.

ಮೊದಲ ವರ್ಷ ಬೆಳೆ ಕೈಕೊಟ್ಟಿತು. ‘ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ನೆಚ್ಚಿಕೊಂಡು ಮೇ ಕೊನೆಯ ಒಂದೇ ಮಳೆಗೆ ಟ್ರ್ಯಾಕ್ಟರ್‌ನಿಂದ ಬಿತ್ತಿಸಿದೆ. ಬೀಜ ಮೂರು ಇಂಚು ಆಳಕ್ಕೆ ಹೋಯಿತು. ಹಿಂದೆಯೇ ಬಿಸಿಲು ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟಿತು. ಸಾಸಿವೆಗಿಂತ ತುಸು ದೊಡ್ಡದಾದ ಕಾಳು ಅದನ್ನು ಸೀಳಿ ಬರುವುದೆಲ್ಲಿಂದ? ಅಜ್ಜಿ ಬದುವಿನ ಮೇಲೆ ಕುಳಿತು ಮಣ್ಣಿನ ಹೆಂಟೆಯೊಂದನ್ನು ಒಡೆದು, ಒಳಗೇ ಬಿಳುಚಿ ಮುದುಡಿದ ಮೊಳಕೆ ತೋರಿಸಿದಳು. “ತಮ್ಮಾ, ಗಾದೆ ಜೋಳದ್ದು. ನೀನು ಬಿತ್ತಿದ್ದು ನವಣೆ. ಗುಡ್ಡವನ್ನು ನೋಡಿದೆಯಾ?”

ಮರುವರ್ಷ ಗುಡ್ಡ ನೋಡಿದೆ. ಮೃಗಶಿರ ಮಳೆ ಮುಗಿಯುವ ಹೊತ್ತಿಗೆ ಬೆಳಗಿನ ಮೋಡ ನೆತ್ತಿಯ ಮೇಲೆ ಕೂರತೊಡಗಿತು. ಮೂರು ದಿನ ಮಧ್ಯಾಹ್ನದವರೆಗೂ ಏಳಲಿಲ್ಲ. ಅಜ್ಜಿ ಕಾಯುತ್ತಿದ್ದದ್ದು ಇದಕ್ಕೆ. ಹಾಗೆ ಮೋಡ ಕೂತರೆ ಬಿತ್ತಿದ ಮೇಲೂ ನೆಲ ಬೇಗ ಒಣಗುವುದಿಲ್ಲ ಎಂಬುದು ಅವಳ ಲೆಕ್ಕ. ಆರಿದ್ರೆಯ ಮಳೆ ಬಿದ್ದ ಮೂರನೆಯ ದಿನ ನಾಲ್ಕು ಬೆರಳು ಆಳದ ಮಣ್ಣು ತೆಗೆದು ಹಿಡಿಯಲ್ಲಿ ಅಮುಕಿದೆ. ಉಂಡೆ ನಿಂತಿತು, ಕೆಳಗೆ ಹಾಕಿದರೆ ಒಡೆಯಿತು. ಹದ ಬಂದಿತ್ತು.

ಬಾಡಿಗೆ ಎತ್ತು, ಒಮ್ಮೆಗೆ ಮೂರು ಸಾಲು ಬಿತ್ತುವ ಮೂರು ತಾಳಿನ ಹಳೆಯ ಕೂರಿಗೆ. ಎಕರೆಗೆ ನಾಲ್ಕು ಕಿಲೋ ನವಣೆ, ಅದಕ್ಕೆ ಜರಡಿ ಹಿಡಿದ ಮರಳು. ಮರಳು ಬೆರೆಸದಿದ್ದರೆ ಬೀಜ ಬೆರಳ ಸಂದಿಯಲ್ಲಿ ನೀರಿನಂತೆ ಜಾರಿ ಒಂದೇ ಕಡೆ ಸುರಿಯುತ್ತದೆ. ಮುಷ್ಟಿಯನ್ನು ಬಟ್ಟಲಿನ ಅಂಚಿಗೆ ಒತ್ತಿ, ಹೆಬ್ಬೆರಳಿನಿಂದ ತೋರುಬೆರಳನ್ನು ಸವರುತ್ತ ಬಿಡಬೇಕು. ಬಿದಿರಿನ ಕೊಳವೆಯೊಳಗೆ ಕಾಳು ಸರಸರ ಇಳಿಯುವ ಸದ್ದು ತುಂಡಾಯಿತೆಂದರೆ ಮಣ್ಣು ಕಟ್ಟಿಕೊಂಡಿದೆ ಎಂದೇ ಅರ್ಥ. ಆ ಸದ್ದು ಕಿವಿಗೆ ಬಿದ್ದ ಕ್ಷಣ ನಾನು ಮತ್ತೆ ಏಳು ವರ್ಷದವನು, ಅಜ್ಜಿಯ ಸೆರಗು ಹಿಡಿದು ಸಾಲಿನಲ್ಲಿ ನಡೆಯುತ್ತಿದ್ದೆ. ಐದು ಸಾಲು ನವಣೆಗೆ ಒಂದು ಸಾಲು ತೊಗರಿ, ಎಲ್ಲವೂ ಇಳಿಜಾರಿಗೆ ಅಡ್ಡವಾಗಿ. ಉದ್ದಕ್ಕೆ ಬಿತ್ತಿದರೆ ಪ್ರತಿ ಸಾಲೂ ಮಳೆಗೆ ಕಾಲುವೆಯಾಗಿ ಮಣ್ಣು ಕೊಚ್ಚಿಹೋಗುತ್ತದೆ. ಕುಸಿದಿದ್ದ ಕಲ್ಲಿನ ಒಡ್ಡುಗಳನ್ನು ಬೇಸಿಗೆಯಲ್ಲೇ ಕಟ್ಟಿಸಿದ್ದೆ.

ಸೆಪ್ಟೆಂಬರ್‌ನಲ್ಲಿ ತೆನೆ ಬಾಗಿದಾಗ ಗುಬ್ಬಿ, ಗಿಳಿಗಳ ಕಾಟ. ಚಿಕ್ಕಂದಿನಲ್ಲಿ ಅಟ್ಟಣಿಗೆಯ ಮೇಲೆ ಕವಣೆ ಬೀಸುತ್ತ ಕೂರುವುದು ನನ್ನ ಪಾಲಿನ ಕೆಲಸವಾಗಿತ್ತು. ಸಂಜೆ ಗುಡ್ಡಕ್ಕೆ ಓಡಿ ಬಲಿತು ಕಣ್ಣು ಬಿಟ್ಟ ಸೀತಾಫಲ ಕಿತ್ತು ತಂದು ಹುಲ್ಲಿನಲ್ಲಿ ಹುಗಿಯುತ್ತಿದ್ದೆವು. ಈಗ ಅಟ್ಟಣಿಗೆ ಹತ್ತುವವಳು ನನ್ನ ಮಗಳು.

ತೊಂಬತ್ತು ದಿನಕ್ಕೆ ನವಣೆ ಮನೆಗೆ ಬಂತು. ಅಜ್ಜಿ ಉದ್ದನೆಯ ತೆನೆಗಳನ್ನೇ ಆರಿಸಿ ಬೀಜಕ್ಕೆಂದು ತೆಗೆದಿಟ್ಟು, ಒಣಗಿಸಿ ಉಜ್ಜಿ, ಬೂದಿ ಬೆರೆಸಿ ಗಡಿಗೆಗೆ ತುಂಬಿದಳು. ಹೊಲದಲ್ಲಿ ಆಗಿನ್ನೂ ತೊಗರಿ ಹೂವಿಗೆ ಬಂದಿತ್ತು. ಎಳ್ಳಮಾವಾಸ್ಯೆಗೆ ಆ ಸಾಲುಗಳ ನಡುವೆಯೇ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿದೆವು.