ಕೆಸುವಿನ ಗದ್ದೆಯಲ್ಲಿ ಬಾಯಿ ಮುಚ್ಚಿ ಕಲಿತದ್ದು

ಹವಾಯಿಯ ಒವಾಹು ದ್ವೀಪದಲ್ಲಿ ಶಾಲಾ ಮಕ್ಕಳನ್ನು ಶನಿವಾರಗಳಂದು ಕೆಸುವಿನ ಗದ್ದೆಗೆ ಕರೆದೊಯ್ಯುವ ಹೊಣೆಯನ್ನು ಒಪ್ಪಿಕೊಂಡಾಗ, ದಕ್ಷಿಣ ಕನ್ನಡದವಳಾದ ನನಗೆ ಕೆಸು ಹೊಸದಲ್ಲವೆಂಬ ಧೈರ್ಯವಿತ್ತು. ಆದರೆ ನಾವು ತೋಡಿನ ಬದಿಯಿಂದ ಪತ್ರೊಡೆಗೆ ಕೊಯ್ಯುತ್ತಿದ್ದ ಗಿಡವನ್ನು ಅಲ್ಲಿ 'ಕಲೋ' ಎಂದು ಕರೆದು, ಭತ್ತದಂತೆ ನೀರು ನಿಲ್ಲಿಸಿದ 'ಲೋಯಿ'ಗಳಲ್ಲಿ ಗೆಡ್ಡೆಗಾಗಿ ಬೆಳೆಯುತ್ತಾರೆ. ಗೆಡ್ಡೆಯ ನೆತ್ತಿಯನ್ನು ತುಸು ಉಳಿಸಿ, ದಂಟಿನೊಡನೆ ಕತ್ತರಿಸಿದ ತುಂಡೇ ನಾಟಿಯ ಸಸಿ. ಅದರ ಹೆಸರು 'ಹುಲಿ'. ಕನ್ನಡದಲ್ಲಿ ಅದರ ಅರ್ಥವೇನೆಂದು ಹೇಳಿದ ಮೇಲೆ ಮಕ್ಕಳು ಘರ್ಜಿಸುತ್ತಲೇ ನೆಟ್ಟರು.

ಮೊದಲ ಬೆಳೆಯನ್ನು ಕೆಡಿಸಿದವಳು ನಾನೇ. ಎಳೆಯ ಸಸಿಗಳು ಕೊಚ್ಚಿಹೋದಾವೆಂದು ಹೆದರಿ 'ಔವಾಯ್' ಕಾಲುವೆಯ ಬಾಯಿಗೆ ಕಲ್ಲು ಒಟ್ಟಿ ಹರಿವನ್ನು ತಗ್ಗಿಸಿದ್ದೆ. ಕೆಲವು ತಿಂಗಳ ಬಳಿಕ ಕಿತ್ತು ನೋಡಿದರೆ ಗೆಡ್ಡೆಗಳು ಮೆತ್ತಗಾಗಿ ನಾರುತ್ತಿದ್ದವು. ಗದ್ದೆ ನೋಡಿಕೊಳ್ಳುವ ಅಜ್ಜ ಬೈಯಲಿಲ್ಲ, ವಿವರಿಸಲೂ ಇಲ್ಲ. ಒಬ್ಬ ಹುಡುಗನ ಕೈ ಹಿಡಿದು ಮೊದಲು ಕಾಲುವೆಯಲ್ಲಿ, ಆಮೇಲೆ ಗದ್ದೆಯ ನೀರಿನಲ್ಲಿ ಅದ್ದಿಸಿದರು. ಒಂದು ತಣ್ಣಗಿತ್ತು, ಇನ್ನೊಂದು ಉಗುರುಬೆಚ್ಚಗಿತ್ತು. ನಿಂತು ಕಾದ ನೀರಿನಲ್ಲಿ ಕೊಳೆರೋಗ ಹರಡುತ್ತದೆಂಬುದು ಆ ಕ್ಷಣಕ್ಕೆ ಎಲ್ಲರಿಗೂ ತಿಳಿಯಿತು, ಮತ್ತು ಆ ಹುಡುಗನೇ ಮೊದಲು ಹೋಗಿ ಕಲ್ಲು ಸರಿಸಿದ.

ಅಂದಿನಿಂದ ಮೊದಲು ಕೆಲಸ, ಆಮೇಲೆ ಮಾತು ಎಂದು ಕ್ರಮವನ್ನು ತಿರುವುಮುರುವು ಮಾಡಿದೆ. ಹವಾಯಿಯ ಪುರಾಣದಲ್ಲಿ ದೇವರಿಗೆ ಸತ್ತು ಹುಟ್ಟಿದ ಮೊದಲ ಮಗುವನ್ನು ಹೂತಲ್ಲಿ ಕಲೋ ಚಿಗುರಿತು, ಅನಂತರ ಹುಟ್ಟಿದ ಹಾಲೋವಾನಿಂದ ಮನುಷ್ಯಕುಲ ಬೆಳೆಯಿತು, ಹಾಗಾಗಿ ಗಿಡವೇ ನಮ್ಮ ಅಣ್ಣ ಎಂಬ ಕಥೆಯನ್ನು ಈಗ ಕಾಲು ತೊಳೆಯುವ ಹೊತ್ತಿಗೆ ಹೇಳುತ್ತೇನೆ. ಕೆಸರು ಹತ್ತಿದ ಮೇಲೆ ಕೇಳುವ ಕಿವಿಯೇ ಬೇರೆ.

ಗದ್ದೆಯ ಜೊತೆಗೆ ಮಕ್ಕಳಿಗೆ ಹಳೆಯ ಕ್ರಮದ ದೋಣಿಯಾನದ ಪಾಠವೂ ಇದೆ. ಆ ದೋಣಿಯಲ್ಲಿ ನಾನು ಶಿಕ್ಷಕಿಯಲ್ಲ, ಮಕ್ಕಳೊಡನೆ ಕಲಿಯುವವಳು. 1976ರಲ್ಲಿ 'ಹೋಕುಲೇಆ' ಎಂಬ ಜೋಡಿದೋಣಿಯನ್ನು ದಿಕ್ಸೂಚಿಯಂಥ ಉಪಕರಣಗಳಿಲ್ಲದೆ ಹವಾಯಿಯಿಂದ ತಾಹಿತಿಗೆ ಮುಟ್ಟಿಸಿದ ಮೌ ಪಿಯಾಯ್ಲುಗ್ ಮೈಕ್ರೊನೇಷಿಯದ ಸತವಾಲ್ ದ್ವೀಪದವರು; ಅಷ್ಟು ದೂರ ನಕ್ಷತ್ರ ಮತ್ತು ಅಲೆಗಳನ್ನು ನೋಡಿ ದಾರಿ ಹಿಡಿಯುವ ವಿದ್ಯೆ ಹವಾಯಿಯಲ್ಲಿ ಅಷ್ಟರಲ್ಲಿ ಅಳಿದುಹೋಗಿತ್ತು. ನಾವು ಮರಳಿನ ಮೇಲೆ 32 ಕಲ್ಲುಗಳನ್ನು ವೃತ್ತವಾಗಿ ಇಟ್ಟು, ನಕ್ಷತ್ರಗಳು ಹುಟ್ಟುವ ಮತ್ತು ಮುಳುಗುವ 'ಮನೆ'ಗಳನ್ನು ಗುರುತಿಸಿ, ಬಳಿಕ ಒಂದು ಬದಿಗೆ ತೇಲುಮರ ಕಟ್ಟಿದ ಹಾಯಿದೋಣಿಯಲ್ಲಿ ಕೊಲ್ಲಿಗೆ ಇಳಿಯುತ್ತೇವೆ. ಅಲ್ಲಿ ಕಣ್ಣು ಮುಚ್ಚಿ ಅಲೆ ಯಾವ ದಿಕ್ಕಿನಿಂದ ದೋಣಿಯನ್ನು ಎತ್ತುತ್ತಿದೆಯೆಂದು ಹೇಳಬೇಕು. ಕಾಲುವೆಯ ಕಲ್ಲು ಸರಿಸಿದ ಹುಡುಗ ಎರಡನೆಯ ದಿನವೇ ಸರಿಯಾಗಿ ಕೈ ತೋರಿದ. ನನ್ನ ಬೆರಳು ಇನ್ನೂ ಹೆಚ್ಚಿನ ಸಲ ದಡದ ಕಡೆಗೇ ಹೋಗುತ್ತದೆ.