ಇಂಗ್ಲಿಷ್ ಕ್ರಿಯಾಪದ ಸಕರ್ಮಕವೋ ಅಕರ್ಮಕವೋ: ಗುರುತಿಸುವುದು ಹೇಗೆ?

‘ಕೊಡೆ ತೆಗೆದುಕೊಂಡೆಯಾ?’ ಎಂದು ಯಾರಾದರೂ ಕೇಳಿದರೆ ಕನ್ನಡದಲ್ಲಿ ‘ಹೂಂ, ತೆಗೆದುಕೊಂಡೆ’ ಎಂದರೆ ಸಾಕು. ಏನನ್ನು ತೆಗೆದುಕೊಂಡದ್ದು ಎಂಬುದು ಇಬ್ಬರಿಗೂ ಗೊತ್ತಿರುವುದರಿಂದ ಅದನ್ನು ಮತ್ತೆ ಹೇಳುವ ಅಗತ್ಯ ಬೀಳುವುದಿಲ್ಲ. ಇದೇ ರೂಢಿಯಲ್ಲಿ ಇಂಗ್ಲಿಷಿನಲ್ಲಿ ‘ಯೆಸ್, ಐ ಟುಕ್’ ಎಂದು ನಿಲ್ಲಿಸಿದರೆ ಕೇಳುವವರಿಗೆ ವಾಕ್ಯ ಅರ್ಧಕ್ಕೇ ಕಡಿದುಹೋದಂತೆ ಅನಿಸುತ್ತದೆ. ಅಲ್ಲಿ ‘ಐ ಟುಕ್ ಇಟ್’ ಎನ್ನಲೇಬೇಕು. ಪ್ರವಾಸದಿಂದ ಬಂದವರು ‘ವಿ ಎಂಜಾಯ್ಡ್ ಎ ಲಾಟ್’ ಎನ್ನುವಾಗಲೂ ಕೊರತೆ ಇದೇ. ‘ಎಂಜಾಯ್’ ಎಂಬ ಕ್ರಿಯಾಪದ ತನ್ನ ಜೊತೆಗೆ ಒಂದು ಕರ್ಮಪದವನ್ನು ಬಯಸುತ್ತದೆ: ‘ವಿ ಎಂಜಾಯ್ಡ್ ದಿ ಟ್ರಿಪ್’ ಅಥವಾ ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’. ಕರ್ಮಪದವನ್ನು ಬಯಸುವ ಸಕರ್ಮಕ, ಬಯಸದ ಅಕರ್ಮಕ ಎಂಬ ಭೇದ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆಯಷ್ಟೇ ಅಲ್ಲ, ದಿನನಿತ್ಯದ ಮಾತು ಸರಿಯಾಗುವುದಕ್ಕೂ ಅದು ಬೇಕು ಎನ್ನಲು ಇಷ್ಟು ಸಾಕು.

ಸಕರ್ಮಕಕ್ಕೆ ಇಂಗ್ಲಿಷಿನಲ್ಲಿರುವ ‘ಟ್ರಾನ್ಸಿಟಿವ್’ (ಅಕರ್ಮಕಕ್ಕೆ ‘ಇನ್‌ಟ್ರಾನ್ಸಿಟಿವ್’) ಎಂಬ ಹೆಸರು ‘ದಾಟಿಹೋಗು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕ್ರಿಯೆ ಮಾಡುವವನಿಂದ ಹೊರಟು ಇನ್ನೊಂದರ ಮೇಲೆ ತಲುಪುತ್ತದೆ ಎಂಬುದು ಅಲ್ಲಿನ ಕಲ್ಪನೆ. ನಮ್ಮ ವ್ಯಾಕರಣದ ‘ಕರ್ಮ’ಕ್ಕೆ ಪಾಣಿನಿ ಕೊಟ್ಟ ಲಕ್ಷಣ ಇದಕ್ಕೆ ಬಹಳ ಹತ್ತಿರವಾಗಿದೆ: ಕರ್ತೃವು ತನ್ನ ಕ್ರಿಯೆಯಿಂದ ಯಾವುದನ್ನು ಅತಿಯಾಗಿ ಹೊಂದಬಯಸುತ್ತಾನೋ ಅದು ಕರ್ಮ. ಹೀಗಾಗಿ ಶಾಲೆಯಲ್ಲಿ ಕಲಿತ ಕನ್ನಡ ವ್ಯಾಕರಣವನ್ನು ಬದಿಗಿಟ್ಟು ಇಂಗ್ಲಿಷನ್ನು ಹೊಸದಾಗಿ ಬಾಯಿಪಾಠ ಮಾಡಬೇಕಾಗಿಲ್ಲ. ಕನ್ನಡವೇ ಒಳ್ಳೆಯ ಅಳತೆಗೋಲು. ಅದು ಎಲ್ಲೆಲ್ಲಿ ತಪ್ಪು ಅಳೆಯುತ್ತದೆ ಎಂಬುದನ್ನು ಮಾತ್ರ ತಿಳಿದುಕೊಂಡಿರಬೇಕು.

ಮೊದಲು ವಾಕ್ಯದ ಕ್ರಿಯಾಪದವನ್ನು ಹಿಡಿದು ‘ಏನನ್ನು?’ ಅಥವಾ ‘ಯಾರನ್ನು?’ ಎಂದು ಕೇಳಿ. ‘ದಿ ಬಾಯ್ ಬ್ರೋಕ್ ದಿ ಗ್ಲಾಸ್’ ಎಂಬಲ್ಲಿ ಹುಡುಗ ಏನನ್ನು ಒಡೆದ ಎಂದರೆ ‘ಗಾಜನ್ನು’ ಎಂಬ ಉತ್ತರ ಸಿಗುತ್ತದೆ, ಆದ್ದರಿಂದ ‘ಬ್ರೋಕ್’ ಇಲ್ಲಿ ಸಕರ್ಮಕ. ‘ದಿ ಬೇಬಿ ಸ್ಲೆಪ್ಟ್’ ಎಂಬಲ್ಲಿ ಮಗು ಏನನ್ನು ಮಲಗಿತು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ, ಆದ್ದರಿಂದ ಅದು ಅಕರ್ಮಕ. ಬಹುತೇಕ ಪಾಠಗಳು ಇಲ್ಲಿಗೇ ನಿಲ್ಲುತ್ತವೆ, ಆದರೆ ಮಕ್ಕಳು ಎಡವುವುದು ಇದರ ಮುಂದೆ. ಇಂಗ್ಲಿಷಿನ ‘ವಾಟ್’ ಎಂಬ ಒಂದೇ ಪ್ರಶ್ನೆ ‘ಏನು’ ಮತ್ತು ‘ಏನನ್ನು’ ಎಂಬ ಎರಡಕ್ಕೂ ನಿಲ್ಲುತ್ತದೆ. ‘ಹಿ ಬಿಕೇಮ್ ಎ ಡಾಕ್ಟರ್’ ಎಂಬುದಕ್ಕೆ ‘ಬಿಕೇಮ್ ವಾಟ್?’ ಎಂದು ಕೇಳಿದರೆ ‘ಎ ಡಾಕ್ಟರ್’ ಎಂಬ ಉತ್ತರ ಬರುತ್ತದೆ, ಆದರೂ ಅದು ಕರ್ಮಪದವಲ್ಲ. ಇದನ್ನು ಕನ್ನಡದಲ್ಲಿ ಹೇಳಿಕೊಂಡರೆ ಗೊಂದಲ ತಾನೇ ಬಗೆಹರಿಯುತ್ತದೆ: ಅವನು ‘ಡಾಕ್ಟರ್ ಆದನು’ ಎನ್ನುತ್ತೇವೆಯೇ ಹೊರತು ‘ಡಾಕ್ಟರನ್ನು ಆದನು’ ಎನ್ನುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳುವುದಕ್ಕಿಂತ ಕನ್ನಡದಲ್ಲಿ, ದ್ವಿತೀಯಾ ವಿಭಕ್ತಿಯ ‘ಅನ್ನು’ ಸೇರಿಸಿ ಕೇಳುವುದೇ ಉತ್ತಮ.

ಕ್ರಿಯಾಪದದ ನಂತರ ನಾಮಪದ ಬಂದ ಮಾತ್ರಕ್ಕೆ ಅದು ಕರ್ಮ ಎಂದು ತೀರ್ಮಾನಿಸಬಾರದು. ‘ಶಿ ಸ್ಲೆಪ್ಟ್ ಟೂ ಅವರ್ಸ್’ ಎಂಬಲ್ಲಿ ‘ಎರಡು ಗಂಟೆ’ ಎಂಬುದು ಎಷ್ಟು ಹೊತ್ತು ಎಂಬುದನ್ನು ಹೇಳುತ್ತದೆ, ಏನನ್ನು ಎಂಬುದನ್ನಲ್ಲ.

ಎರಡನೆಯ ಹೆಜ್ಜೆಯಾಗಿ ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ನೋಡಿ. ‘ದಿ ಗ್ಲಾಸ್ ವಾಸ್ ಬ್ರೋಕನ್ ಬೈ ದಿ ಬಾಯ್’ ಎಂಬುದು ಸರಿಯಾಗಿ ನಿಲ್ಲುತ್ತದೆ. ‘ಹ್ಯಾಪನ್’, ‘ಅಕರ್’, ‘ಅರೈವ್’ ಮುಂತಾದ ಅಕರ್ಮಕಗಳು ಹೀಗೆ ತಿರುಗುವುದಿಲ್ಲ. ಅದಕ್ಕಾಗಿಯೇ ‘ದಿ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಎಂಬುದು ತಪ್ಪು, ‘ದಿ ಆಕ್ಸಿಡೆಂಟ್ ಹ್ಯಾಪನ್ಡ್’ ಎಂಬುದು ಸರಿ. ಈ ಪರೀಕ್ಷೆಗೂ ಅಪವಾದಗಳಿವೆ ಎಂಬುದನ್ನು ಮರೆಯಬಾರದು. ‘ಶಿ ರಿಸೆಂಬಲ್ಸ್ ಹರ್ ಮದರ್’, ‘ಹಿ ಹ್ಯಾಸ್ ಎ ಕಾರ್’ ಎಂಬಲ್ಲಿನ ಕ್ರಿಯಾಪದಗಳು ಕರ್ಮಪದವನ್ನು ಪಡೆದಿದ್ದರೂ ಕರ್ಮಣಿಗೆ ಒಗ್ಗುವುದಿಲ್ಲ. ಹಾಗಾಗಿ ವಾಕ್ಯ ಕರ್ಮಣಿಗೆ ತಿರುಗಿದರೆ ಸಾಮಾನ್ಯವಾಗಿ ಸಕರ್ಮಕ ಎನ್ನಬಹುದು, ತಿರುಗದಿದ್ದರೆ ಅಷ್ಟರಿಂದಲೇ ಅಕರ್ಮಕ ಎನ್ನಲಾಗದು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಎರಡೂ ವೇಷ ತೊಡುವ ಕ್ರಿಯಾಪದಗಳು. ಕನ್ನಡದಲ್ಲಿ ಹಾಲು ತಾನಾಗಿ ‘ಕುದಿಯುತ್ತದೆ’, ನಾವು ಅದನ್ನು ‘ಕುದಿಸುತ್ತೇವೆ’. ಬೆಣ್ಣೆ ‘ಕರಗುತ್ತದೆ’, ನಾವು ‘ಕರಗಿಸುತ್ತೇವೆ’. ಬಸ್ಸು ‘ನಿಲ್ಲುತ್ತದೆ’, ಚಾಲಕ ಅದನ್ನು ‘ನಿಲ್ಲಿಸುತ್ತಾನೆ’. ಬಟ್ಟೆ ‘ಒಣಗುತ್ತದೆ’, ಅಮ್ಮ ‘ಒಣಗಿಸುತ್ತಾಳೆ’. ‘ಇಸು’ ಎಂಬ ಒಂದು ಪ್ರತ್ಯಯ ಅಕರ್ಮಕವನ್ನು ಸಕರ್ಮಕವಾಗಿಸಿ, ಆ ಬದಲಾವಣೆಯನ್ನು ಪದದ ಮೈಮೇಲೆಯೇ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಬಾಯ್ಲ್, ಮೆಲ್ಟ್, ಸ್ಟಾಪ್, ಡ್ರೈ ಈ ನಾಲ್ಕೂ ಎರಡು ಅರ್ಥಕ್ಕೂ ಒಂದೇ ರೂಪದಲ್ಲಿ ಇರುತ್ತವೆ. ‘ದಿ ಮಿಲ್ಕ್ ಈಸ್ ಬಾಯ್ಲಿಂಗ್’ ಎಂದರೆ ಅಕರ್ಮಕ, ‘ಮದರ್ ಈಸ್ ಬಾಯ್ಲಿಂಗ್ ದಿ ಮಿಲ್ಕ್’ ಎಂದರೆ ಸಕರ್ಮಕ. ಆದ್ದರಿಂದ ‘ಬಾಯ್ಲ್ ಸಕರ್ಮಕವೋ ಅಕರ್ಮಕವೋ?’ ಎಂದು ಪದವನ್ನು ಒಂಟಿಯಾಗಿ ನಿಲ್ಲಿಸಿ ಕೇಳುವ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ವಾಕ್ಯದಲ್ಲಿ ಎಂದು ಕೇಳಬೇಕು. ಇದು ನಮಗೆ ಪೂರ್ತಿ ಅಪರಿಚಿತವೂ ಅಲ್ಲ. ‘ಕೊಂಬೆ ಮುರಿಯಿತು’, ‘ಕೊಂಬೆಯನ್ನು ಮುರಿದರು’ ಎನ್ನುವಾಗ ಕನ್ನಡದ ‘ಮುರಿ’ಯೂ ಹೀಗೆಯೇ ನಡೆದುಕೊಳ್ಳುತ್ತದೆ, ‘ಒಡೆ’, ‘ತೆರೆ’, ‘ತುಂಬು’ ಕೂಡ ಇದೇ ಗುಂಪಿನವು.

ಸಂದೇಹ ಬಂದಾಗ ವಾಕ್ಯವನ್ನು ಕನ್ನಡಕ್ಕೆ ತಂದು, ಅಲ್ಲಿ ‘ಇಸು’ ಬೇಕಾಗುತ್ತದೆಯೇ ನೋಡಿ. ‘ದಿ ಚೈಲ್ಡ್ ಗ್ರೂ’ ಎಂದರೆ ಮಗು ಬೆಳೆಯಿತು. ‘ಹಿ ಗ್ರೂ ಎ ಬಿಯರ್ಡ್’ ಎಂದರೆ ಅವನು ಗಡ್ಡ ಬೆಳೆಸಿದ. ಆದರೆ ಸಂಸ್ಕೃತದಿಂದ ಬಂದ ‘ಸಂಭವಿಸು’, ‘ಪ್ರಯಾಣಿಸು’, ‘ಜೀವಿಸು’ ಮುಂತಾದವುಗಳ ‘ಇಸು’ವನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅವು ಅಕರ್ಮಕಗಳೇ.

ಕೆಲವೇ ಕೆಲವು ಜೋಡಿಗಳಲ್ಲಿ ಇಂಗ್ಲಿಷ್ ಕೂಡ ರೂಪವನ್ನು ಬದಲಿಸುತ್ತದೆ. ಸೂರ್ಯ ತಾನಾಗಿ ಏಳುವುದಕ್ಕೆ ‘ರೈಸ್’, ಕೈಯನ್ನು ಎತ್ತುವುದಕ್ಕೆ ‘ರೇಯ್ಸ್’. ಮಲಗುವುದಕ್ಕೆ ‘ಲೈ’, ಏನನ್ನಾದರೂ ಇಡುವುದಕ್ಕೆ ‘ಲೇ’. ಈ ಎರಡನೆಯ ಜೋಡಿ ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರನ್ನೂ ತಪ್ಪಿಸುತ್ತದೆ, ಏಕೆಂದರೆ ‘ಲೈ’ಯ ಭೂತಕಾಲದ ರೂಪವೇ ‘ಲೇ’. ‘ಐ ಲೇ ಆನ್ ದಿ ಬೆಡ್’ ಎಂದರೆ ಹಾಸಿಗೆಯ ಮೇಲೆ ಮಲಗಿದೆ ಎಂದರ್ಥ, ಅಲ್ಲಿ ಕರ್ಮವಿಲ್ಲ. ‘ದಿ ಹೆನ್ ಲೇಡ್ ಆ್ಯನ್ ಎಗ್’ ಎಂಬಲ್ಲಿ ಮೊಟ್ಟೆಯೇ ಕರ್ಮ. ಲೈ, ಲೇ, ಲೇನ್ ಒಂದು ಸಾಲು; ಲೇ, ಲೇಡ್, ಲೇಡ್ ಇನ್ನೊಂದು ಸಾಲು. ಇವನ್ನು ಮಾತ್ರ ಬಾಯಿಪಾಠ ಮಾಡುವುದೇ ದಾರಿ.

ಇನ್ನು ಕನ್ನಡದ ಅಳತೆಗೋಲು ಕೈಕೊಡುವ ಜಾಗ. ನಾವು ‘ಹಾಡನ್ನು ಕೇಳಿದೆ’, ‘ನನ್ನನ್ನು ನೋಡಿದ’ ಎನ್ನುತ್ತೇವೆ, ಆದರೆ ಇಂಗ್ಲಿಷಿನ ‘ಲಿಸನ್’, ‘ಲುಕ್’ ಅಕರ್ಮಕಗಳಾದ್ದರಿಂದ ಅವು ಒಂದು ಪ್ರಿಪೊಸಿಷನ್ ಇಲ್ಲದೆ ಮುಂದಿನ ನಾಮಪದವನ್ನು ಮುಟ್ಟಲಾರವು: ‘ಲಿಸನ್ಡ್ ಟು ದಿ ಸಾಂಗ್’, ‘ಲುಕ್ಡ್ ಅಟ್ ಮಿ’. (‘ಲುಕ್ ಆಫ್ಟರ್’ನಂಥ ಜೋಡಿಪದವನ್ನು ಒಟ್ಟಾಗಿ ಒಂದೇ ಸಕರ್ಮಕ ಎಂದು ಎಣಿಸುವ ವೈಯಾಕರಣರೂ ಇದ್ದಾರೆ.) ಇದಕ್ಕೆ ವಿರುದ್ಧವಾಗಿ, ನಾವು ‘ವಿಷಯದ ಬಗ್ಗೆ ಚರ್ಚಿಸಿದೆವು’, ‘ಪ್ರಶ್ನೆಗೆ ಉತ್ತರಿಸಿದೆ’, ‘ಅವನಿಗೆ ಫೋನ್ ಮಾಡಿದೆ’ ಎನ್ನುವ ಕಡೆ ಇಂಗ್ಲಿಷಿಗೆ ನೇರ ಕರ್ಮವೇ ಸಾಕು. ‘ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್’ ಎಂಬಲ್ಲಿ ‘ಅಬೌಟ್’ ಬೇಡ. ‘ಆನ್ಸರ್ಡ್ ದಿ ಕ್ವೆಶ್ಚನ್’, ‘ಫೋನ್ಡ್ ಹಿಮ್’ ಎಂದರೆ ಮುಗಿಯಿತು. ಹೋಟೆಲಿನಲ್ಲಿ ಎರಡು ದೋಸೆಗೆ ಹೇಳಿದೆವು ಎಂಬ ಲೆಕ್ಕದಲ್ಲಿ ‘ಆರ್ಡರ್ಡ್ ಫಾರ್ ಟೂ ದೋಸಾಸ್’ ಎನ್ನುವುದೂ ಇದೇ ಬಗೆಯ ತಪ್ಪು. ನಮ್ಮ ‘ಗೆ’, ‘ಬಗ್ಗೆ’ಗಳನ್ನು ಇಂಗ್ಲಿಷಿಗೆ ಹೊತ್ತೊಯ್ಯುವುದರಿಂದಲೇ ಇವೆಲ್ಲ ಹುಟ್ಟುತ್ತವೆ. ‘ಗಿವ್’, ‘ಟೆಲ್’ಗಳು ಎರಡು ಕರ್ಮಗಳನ್ನು ಒಟ್ಟಿಗೆ ಹಿಡಿಯಬಲ್ಲವು, ಉದಾಹರಣೆಗೆ ‘ಶಿ ಗೇವ್ ಮಿ ಎ ಬುಕ್’. ‘ಎಕ್ಸ್‌ಪ್ಲೇನ್’ಗೆ ಆ ಶಕ್ತಿಯಿಲ್ಲ, ‘ಎಕ್ಸ್‌ಪ್ಲೇನ್ ಮಿ’ ಅಲ್ಲ, ‘ಎಕ್ಸ್‌ಪ್ಲೇನ್ ಇಟ್ ಟು ಮಿ’.

ಈ ಕೊನೆಯ ಗುಂಪನ್ನು ಯಾವ ಸೂತ್ರವೂ ಪೂರ್ತಿಯಾಗಿ ಹೇಳಿಕೊಡಲಾರದು, ಆದ್ದರಿಂದ ನಿಘಂಟನ್ನು ಕೈಯಲ್ಲಿಟ್ಟುಕೊಳ್ಳಬೇಕು. ಕಲಿಯುವವರಿಗಾಗಿ ಸಿದ್ಧಪಡಿಸಿದ ಇಂಗ್ಲಿಷ್ ನಿಘಂಟುಗಳಲ್ಲಿ ಕ್ರಿಯಾಪದದ ಪ್ರತಿಯೊಂದು ಅರ್ಥದ ಬಳಿ ಸಕರ್ಮಕವಾದರೆ ‘ಟಿ’, ಅಕರ್ಮಕವಾದರೆ ‘ಐ’ ಎಂಬ ಅಕ್ಷರವನ್ನೋ ಆ ಹೆಸರುಗಳನ್ನೋ ಕೊಟ್ಟಿರುತ್ತಾರೆ. ಹಳೆಯ ನಿಘಂಟುಗಳಲ್ಲಿ ಅದೇ ‘ವಿ.ಟಿ.’, ‘ವಿ.ಐ.’ ಎಂದಿರುತ್ತದೆ. ‘ರನ್’ ಪದವನ್ನು ತೆಗೆದು ನೋಡಿ. ಓಡು ಎಂಬ ಅರ್ಥದ ಪಕ್ಕದಲ್ಲಿ ‘ಐ’ ಕಾಣುತ್ತದೆ, ಅಂಗಡಿಯನ್ನು ನಡೆಸು ಎಂಬ ಅರ್ಥಕ್ಕೆ ಬರುವಾಗ ‘ಟಿ’ ಇರುತ್ತದೆ. ಹೊಸ ಕ್ರಿಯಾಪದವೊಂದನ್ನು ಪುಸ್ತಕಕ್ಕೆ ಬರೆದುಕೊಳ್ಳುವಾಗ ಅದರ ಅರ್ಥದ ಜೊತೆ ಈ ಅಕ್ಷರವನ್ನೂ, ನಿಘಂಟೇ ಕೊಟ್ಟಿರುವ ಒಂದು ಉದಾಹರಣೆ ವಾಕ್ಯವನ್ನೂ ಬರೆದುಕೊಳ್ಳಿ.