ಹೊಸ ನರ್ಸ್‌ಗೆ ವಾರ್ಡು ತನ್ನದು ಅನ್ನಿಸಬೇಕಾದರೆ

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಡ್ಯೂಟಿ ಪಟ್ಟಿ ಹಾಕುವವಳು ನಾನು. ನಿಮ್ಮದೂ ಇದೇ ಕೆಲಸವಾದರೆ, ಗುತ್ತಿಗೆ ಹುಡುಗಿಯರಿಗೇ ಜಾಸ್ತಿ ನೈಟ್ ಹಾಕಬೇಡಿ. ಅವರಿಗೆ ಅದು ಕೂಡಲೇ ಗೊತ್ತಾಗುತ್ತದೆ, ಅಲ್ವಾ?

ಪಾಳಿ ಬದಲಾಗುವಾಗ ಸುಮ್ನೆ ರಿಜಿಸ್ಟರ್ ಕೊಟ್ಟು ಹೋಗುವುದು ಬೇಡ. ಇಬ್ಬರೂ ಮಂಚದಿಂದ ಮಂಚಕ್ಕೆ ಹೋಗಲಿ. ಬಾಣಂತಿಯ ಹೊಟ್ಟೆ ಮುಟ್ಟಿ, ಗರ್ಭಕೋಶ ಗಟ್ಟಿಯಾಗಿದೆಯಾ ನೋಡಲಿ. ರಕ್ತ ಎಷ್ಟು ಹೋಗಿದೆ ಅಂತ ಪ್ಯಾಡ್ ನೋಡಲಿ. ಗರ್ಭಕೋಶ ಮೆತ್ತಗಿದ್ದರೆ, ಕೆಲಸದಲ್ಲಿ ಮನಸ್ಸಿಟ್ಟವಳು ಅಲ್ಲೇ ನಿಂತು ಮಸಾಜ್ ಮಾಡುತ್ತಾಳೆ, ಡಾಕ್ಟರನ್ನು ಕರೆಸುತ್ತಾಳೆ. ಬೇಸತ್ತವಳು ಬರೆದಿಟ್ಟು ಮನೆಗೆ ಹೋಗುತ್ತಾಳೆ.

ಹೆರಿಗೆಯ ನಂತರ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಇಡುವ ಫ್ರಿಜ್ ಹೊಸಬಳ ಜವಾಬ್ದಾರಿಗೇ ಕೊಡಿ. 2ರಿಂದ 8 ಡಿಗ್ರಿ ಒಳಗೆ ಇರಬೇಕು. ಕರೆಂಟ್ ಹೋದ ಒಂದು ರಾತ್ರಿ ನಮ್ಮ ಹುಡುಗಿ ತಾನೇ ಎಲ್ಲ ಆಂಪೂಲ್‌ಗಳನ್ನು ಕೋಲ್ಡ್ ಬಾಕ್ಸ್‌ಗೆ ಹಾಕಿ ಉಳಿಸಿದಳು. ಬೆಳಿಗ್ಗೆ ಎಲ್ಲರೆದುರು ಅವಳ ಹೆಸರು ಹೇಳಿದೆ.